ಅರಮನೆಯ ಕಥೆ ಸಾಕು, ಮಗ್ಗದ ಮನೆಯ ಲೆಕ್ಕ ಹೇಳಿ

ಹಳೆಯ ಕಾಲ ಬಂಗಾರದ ಕಾಲವಾಗಿತ್ತೆಂದು ಹೇಳುವವರು ನಮ್ಮಲ್ಲಿ ಬಹಳ. ಉತ್ಸವದ ವೇದಿಕೆ ಏರಿದವರು ಹೇಳುತ್ತಾರೆ, ಸಿನೆಮಾದವರು ಬಣ್ಣ ಹಚ್ಚಿ ತೋರಿಸುತ್ತಾರೆ, ಐತಿಹಾಸಿಕ ಕಾದಂಬರಿಕಾರರು ಐದುನೂರು ಪುಟ ತುಂಬ ಬರೆಯುತ್ತಾರೆ. ಮುತ್ತುರತ್ನಗಳನ್ನು ಬಳ್ಳದಿಂದ ಅಳೆದು ಬೀದಿಯಲ್ಲಿ ಮಾರುತ್ತಿದ್ದರಂತೆ! ಇರಲಿ. ನಮ್ಮದು ಒಂದೇ ಪ್ರಶ್ನೆ. ಅಳೆದವರು ಯಾರು, ಕೊಂಡವರು ಯಾರು, ಮರುದಿನ ಬೆಳಿಗ್ಗೆ ಆ ಬೀದಿಯನ್ನು ಗುಡಿಸಿದವರು ಯಾರು?

ಈ ಪ್ರಶ್ನೆ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ನೀವು ಸಮಾಜವಾದಿಗಳು, ನಿಮಗೆ ನಾಡಿನ ಅಭಿಮಾನವಿಲ್ಲ, ಎಲ್ಲದರಲ್ಲಿಯೂ ಕೂಲಿಯ ಮಾತು ತರುತ್ತೀರಿ ಎನ್ನುತ್ತಾರೆ. ಇನ್ನೊಂದು ಕಡೆಗೆ ನಮ್ಮವರೇ ಆದ ಕೆಲ ಗೆಳೆಯರು, ದುಡಿಯುವ ಜನ ರಾಜರಾಣಿಯರ ಕಥೆ ಓದುವುದೇ ದಂಡ, ಆ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿರಿ ಎನ್ನುತ್ತಾರೆ. ನಾವು ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಹಗಲೆಲ್ಲ ಗಿರಣಿಯ ಗದ್ದಲದಲ್ಲಿ ನಿಂತು ಬಂದವನು, ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬೆನ್ನು ನೋಯಿಸಿಕೊಂಡವನು, ರಾತ್ರಿ ಒಂದು ಕಾದಂಬರಿ ಹಿಡಿದು ಹಿಂದಿನ ಕಾಲಕ್ಕೆ ಹೋಗಿ ಬರಬೇಕೆಂದರೆ ಅದು ಅವನ ಹಕ್ಕು. ಅಜ್ಜ ಮುತ್ತಜ್ಜಂದಿರು ಹೇಗೆ ಬದುಕಿದರೆಂದು ತಿಳಿಯುವ ಹಂಬಲ ಶ್ರೀಮಂತರ ಸ್ವತ್ತಲ್ಲ. ನಮ್ಮ ತಕರಾರು ಇಷ್ಟೇ: ಅಜ್ಜನ ಕಥೆ ಕೇಳಲು ಹೋದವನಿಗೆ ಅಜ್ಜನ ಒಡೆಯನ ಕಥೆ ಹೇಳಿ ಕಳಿಸುತ್ತಿದ್ದಾರೆ.

ಮೊದಲು ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ನಮ್ಮ ಭಾಗದಲ್ಲಿ ಜನರ ಕೈಗೆ ಕಾದಂಬರಿ ಕೊಟ್ಟವರು ಗಳಗನಾಥರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯನೆಂಬುದು ಪ್ರಸಿದ್ಧ. ಅವರ ‘ಮಾಧವ ಕರುಣಾ ವಿಲಾಸ’ ಬಂದದ್ದು ೧೯೨೩ರಲ್ಲಿ. ಅದಕ್ಕೂ ಮೊದಲು, ೧೯೧೭ರಲ್ಲಿ, ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದಿತ್ತು. ಆಗ ನಾವು ಪರಕೀಯರ ಕಾಲ ಕೆಳಗೆ ಇದ್ದೆವು. ಕನ್ನಡ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಎಂದು ಹಂಚಿ ಹೋಗಿತ್ತು. ಗದಗಿನವನು ಮುಂಬಯಿ ಪ್ರಾಂತದವನು. ಅತ್ತ ಮುಂಡರಗಿಯ ಹೊಳೆ ದಾಟಿದರೆ ಬಳ್ಳಾರಿಯವನು ಮದ್ರಾಸಿನವನು. ನಿಮಗೂ ಒಂದು ಇತಿಹಾಸ ಇದೆ, ತಲೆ ಎತ್ತಿರಿ ಎಂದು ಹೇಳುವವರು ಆಗ ಬೇಕಾಗಿದ್ದರು. ಗತವೈಭವ ಆಗ ಮದ್ದಾಗಿತ್ತು. ೧೯೪೭ರಲ್ಲಿ ಇಂಗ್ಲಿಷರು ಹೋದರು. ೧೯೫೬ರ ನವೆಂಬರ ೧ಕ್ಕೆ ನಾಡು ಒಂದಾಯಿತು. ಜ್ವರ ಇಳಿದ ಮೇಲೂ ಅದೇ ಕಷಾಯವನ್ನು ಮೂರು ಹೊತ್ತು ಊಟದ ಬದಲು ಕುಡಿಸಿದರೆ ರೋಗಿ ಬದುಕಿಯಾನೆ? ಇಂದಿನ ಗತವೈಭವದ ವ್ಯಾಪಾರ ಅದೇ ಆಗಿದೆ. ಹಿಂದೆ ಎಲ್ಲರೂ ಸುಖವಾಗಿದ್ದರು, ಅವರವರ ಕಸುಬನ್ನು ಅವರವರು ತಕರಾರಿಲ್ಲದೆ ಮಾಡಿಕೊಂಡಿದ್ದರು ಎಂಬ ಮಾತಿನ ಹಿಂದೆ ಇನ್ನೊಂದು ಮಾತಿದೆ: ನೀವೂ ಹಾಗೆಯೇ ಬಾಯಿ ಮುಚ್ಚಿಕೊಂಡಿರಿ.

ಆದುದರಿಂದ ಈ ಹಿಂದಿನ ಸುಖ ಎಂಥದೆಂದು ನೋಡಬೇಕು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಕಲ್ಲುಗಳೇ ಸಾಕು.

ಕಲ್ಲು ಹೇಳುವ ಲೆಕ್ಕ

ಲಕ್ಷ್ಮೇಶ್ವರವನ್ನೇ ತೆಗೆದುಕೊಳ್ಳಿ. ಹಿಂದೆ ಅದು ಪುಲಿಗೆರೆ, ಪೊರಿಗೆರೆ. ಬಾದಾಮಿ ಚಾಳುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ೭೨೫ರಲ್ಲಿ ಆ ಊರಿಗೆ ಹಾಕಿಕೊಟ್ಟ ಕಟ್ಟಳೆಯ ಶಾಸನ ಅಲ್ಲಿದೆ. ಮಹಾಜನರು, ನಗರದವರು, ಹದಿನೆಂಟು ಪ್ರಕೃತಿಗಳು ಎಂದು ಊರ ಜನರನ್ನು ಹೆಸರಿಸಿ, ಅರಸನ ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕು, ಊರವರು ಏನು ಕೊಡಬೇಕು ಎಂಬುದನ್ನು ಅದರಲ್ಲಿ ಗೊತ್ತು ಮಾಡಿದೆ. ವೈಶಾಖ ಮಾಸದಲ್ಲಿ ಒಕ್ಕಲುಗಳು ತೆರಿಗೆ ಕೊಡಬೇಕು. ಮೇಲು ದರ್ಜೆಯ ಮನೆಗೆ ೧೦ ಪಣ, ನಡು ದರ್ಜೆಗೆ ೭, ಅದಕ್ಕೂ ಕೆಳಗೆ ೫, ತೀರ ಕೆಳಗಿನವನಿಗೆ ೩.

ನೋಡಿದಿರಾ, ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ ಎಂದು ಅಭಿಮಾನಿಗಳು ಹೇಳಿಯಾರು. ಹೌದು, ತತ್ವ ಒಳ್ಳೆಯದೇ. ಅರಸನ ಅಧಿಕಾರಿಗೂ ಕಟ್ಟಳೆ ಹಾಕಿದ್ದು ಇನ್ನೂ ಒಳ್ಳೆಯದು. ಆದರೆ ಲೆಕ್ಕ ಬಿಡಿಸಿ ನೋಡಿ. ತೀರ ಕೆಳಗಿನವನು ಮೂರು ಕೊಟ್ಟರೆ ತೀರ ಮೇಲಿನವನು ಕೊಡುವುದು ಹತ್ತು. ಅಂದರೆ ಮೂರು ಪಟ್ಟು ಮತ್ತು ಚೂರು. ಇವರಿಬ್ಬರ ಮನೆಯ ಕಣಜಗಳ ನಡುವೆ ಇದ್ದ ಅಂತರ ಮೂರೇ ಪಟ್ಟೇ? ಅಂಗಡಿ ಇಟ್ಟ ಯಾವ ಗೆಳೆಯನೂ ಇದನ್ನು ನಂಬಲಿಕ್ಕಿಲ್ಲ. ಮೂರು ಪಣದವನ ಮನೆಯಲ್ಲಿ ವೈಶಾಖ ಬಂದಾಗ ಏನು ನಡೆಯುತ್ತಿತ್ತು? ಸುಗ್ಗಿ ಮುಗಿದು, ಮಳೆ ಇನ್ನೂ ಬರದೆ, ಬಾವಿ ತಳ ಕಂಡ ಆ ತಿಂಗಳಿನಲ್ಲಿ ಅವನ ಹೆಂಡತಿ ಯಾವ ಕಾಲುಂಗುರ ಒತ್ತೆ ಇಟ್ಟಳು? ಇದಲ್ಲವೇ ಕಾದಂಬರಿ? ಪುಲಿಗೆರೆಯ ಹೆಸರು ಹೇಳಿ ಕವಿಗಳನ್ನೂ ಬಸದಿಗಳನ್ನೂ ವರ್ಣಿಸುವವರು ಈ ಮೂರು ಪಣದವನ ಮನೆಗೂ ಒಮ್ಮೆ ಹೋಗಿ ಬರಲಿ.

ಲಕ್ಕುಂಡಿಗೆ ಬನ್ನಿ. ೧೦೦೭ರಲ್ಲಿ ಅಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ದಾನಚಿಂತಾಮಣಿ ಎನಿಸಿದವಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಮುದ್ರಣ ಯಂತ್ರ ಇಲ್ಲದ ಕಾಲದಲ್ಲಿ ಇದು ದೊಡ್ಡ ಕೆಲಸ, ಆ ತಾಯಿಗೆ ನಮಸ್ಕಾರ. ಆದರೆ ಮುದ್ರಣಾಲಯಗಳ ಊರಾದ ನಮ್ಮ ಗದಗಿನಲ್ಲಿ ಅಕ್ಷರ ಜೋಡಿಸಿ ಕಣ್ಣು ಕಳೆದುಕೊಂಡವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಸಾವಿರ ಪ್ರತಿ ಬರೆಸಿದವಳ ಹೆಸರು ಗೊತ್ತು, ಬರೆದವರ ಹೆಸರು ಎಲ್ಲಿ? ತಾಳೆಗರಿ ಕಡಿದು ತಂದು, ಕುದಿಸಿ, ಒಣಗಿಸಿ, ಕಂಠದಿಂದ ಒಂದೊಂದೇ ಅಕ್ಷರ ಕೊರೆದು, ಕಾಡಿಗೆ ಸವರಿ ಒರೆಸಿ, ದಾರ ಪೋಣಿಸಿ ಕಟ್ಟುವ ಕೆಲಸ ಅದು. ಎಷ್ಟು ಜನ, ಎಷ್ಟು ವರ್ಷ, ಯಾವ ಕೂಲಿಗೆ? ಆ ದೇವಾಲಯಗಳ ಕಲ್ಲನ್ನು ಕಂಡರಿಸಿದ ಕೈಗಳು ಎಷ್ಟು? ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು. ಲೊಕ್ಕಿಯ ಗದ್ಯಾಣ ಎಂದು ಅಲ್ಲಿಯ ನಾಣ್ಯಕ್ಕೆ ಹೆಸರು. ಬಂಗಾರ ಕಾಯಿಸಿ ಬಿಲ್ಲೆ ಹೊಡೆದವನ ಕೈಯಲ್ಲಿ ದಿನದ ಕೊನೆಗೆ ಆ ಬಿಲ್ಲೆಯ ಎಷ್ಟನೆಯ ಪಾಲು ಉಳಿಯುತ್ತಿತ್ತು?

ಗುಡಿಗಳು ಕಲ್ಲಿನವು, ಉಳಿದವು. ಅವುಗಳನ್ನು ಕಟ್ಟಿದವರ ಮನೆಗಳು ಮಣ್ಣಿನವು, ಕರಗಿ ಹೋದವು. ಉಳಿದದ್ದನ್ನು ಮಾತ್ರ ನೋಡಿ, ಆ ಕಾಲದಲ್ಲಿ ಎಲ್ಲರೂ ಇಂಥ ಕಂಬಗಳ ನಡುವೆ ಬದುಕಿದ್ದರೆಂದು ಬರೆಯುವುದು ಮೋಸ.

ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳನು ನಮ್ಮ ಸೊರಟೂರಿನ ಬಯಲಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿದನು. ಲೊಕ್ಕಿಗುಂಡಿಯನ್ನು ತನ್ನ ಬೀಡು ಮಾಡಿಕೊಂಡನು. ೧೧೯೨ರಲ್ಲಿ ಗದಗಿನ ತ್ರಿಕೂಟೇಶ್ವರ ದೇವರಿಗೆ ಹೊಂಬಳಲು ಎಂಬ ಊರನ್ನು ದಾನ ಕೊಟ್ಟನು. ಅದೇ ಇಂದಿನ ಹೊಂಬಳ. ದಾನ ಕೊಟ್ಟವನ ಬಿರುದು ಶಾಸನದಲ್ಲಿದೆ, ದಾನ ತೆಗೆದುಕೊಂಡ ಆಚಾರ್ಯನ ಪಾಂಡಿತ್ಯದ ವರ್ಣನೆಯೂ ಇದೆ. ದಾನವಾಗಿ ಹೋದ ಊರಿನಲ್ಲಿ ಜನ ಇದ್ದರಲ್ಲ! ನಿನ್ನೆಯವರೆಗೆ ಒಬ್ಬನಿಗೆ ಕೊಡುತ್ತಿದ್ದ ಕಾಳನ್ನು ಇಂದಿನಿಂದ ಇನ್ನೊಬ್ಬನಿಗೆ ಅಳೆದು ಕೊಡಬೇಕೆಂದು ಅವರಿಗೆ ಯಾರು ಬಂದು ಹೇಳಿದರು, ಅವರು ಏನೆಂದರು? ಸೊರಟೂರಿನ ಯುದ್ಧದಲ್ಲಿ ತುಳಿದು ಹೋದ ಜೋಳದ ಹೊಲ ಯಾರದು? ಕಾದಂಬರಿಕಾರನಿಗೆ ಕಲ್ಪನೆ ಎಂಬ ಶಕ್ತಿ ಇರುವುದು ಇಂಥಲ್ಲಿಗೆ ಹೋಗಲಿಕ್ಕೆ. ಶಾಸನ ಸುಮ್ಮನಾದ ಕಡೆಗೆ ಅವನು ಮಾತಾಡಬೇಕು. ನಮ್ಮವರು ಶಾಸನ ಕೂಗಿದ ಬಿರುದನ್ನೇ ಮತ್ತೊಮ್ಮೆ ಕೂಗುತ್ತಾರೆ.

ವ್ಯಾಪಾರಿಗಳ ಮಾತು

ಸಣ್ಣ ವ್ಯಾಪಾರಸ್ಥ ಗೆಳೆಯರು ಇದು ಕೂಲಿಕಾರರ ವಿಷಯ, ನಮಗೇನು ಎನ್ನಬಾರದು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ಕರ್ನಾಟಕ, ತಮಿಳುನಾಡು ದಾಟಿ ಹೊರದೇಶಗಳ ತನಕ ವ್ಯಾಪಾರ ಮಾಡಿತು. ಕಾದಂಬರಿಗಳಲ್ಲಿ ವ್ಯಾಪಾರಿ ಎಂದರೆ ಇವರೇ. ರತ್ನಗಂಬಳಿ, ಕುದುರೆ, ಕರ್ಪೂರ. ಆದರೆ ಒಂದು ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಸಂತೆಯಿಂದ ಸಂತೆಗೆ ಹೋದವನು ಎಲ್ಲಿ? ಅವನು ಶಾಸನದ ಸುಂಕದ ಪಟ್ಟಿಯಲ್ಲಿ ಮಾತ್ರ ಸಿಗುತ್ತಾನೆ. ಕಲ್ಯಾಣ ಚಾಳುಕ್ಯರ ಕಾಲದ ಶಾಸನಗಳನ್ನು ತೆರೆದರೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕದ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ನೇಯುವವನ ಮಗ್ಗಕ್ಕೆ ತೆರೆ, ಎಣ್ಣೆ ತೆಗೆಯುವವನ ಗಾಣಕ್ಕೆ ತೆರೆ. ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು. ಇದರ ಮೇಲೆ ದೇವರ ನಂದಾದೀಪಕ್ಕೆ ಗಾಣಕ್ಕೆ ಇಷ್ಟು ಸೊಲಗೆ ಎಣ್ಣೆ ಎಂದು ‘ಭಕ್ತಿಯಿಂದ’ ಬಿಟ್ಟದ್ದು ಬೇರೆ.

ತೆಲ್ಲಿಗರ ಐವತ್ತೊಕ್ಕಲು ಎಂದು ಎಣ್ಣೆಯವರ ಸಂಘ ಇತ್ತು, ಸಾಲಿಗರೆಂಬ ನೇಕಾರರ ಸಂಘವಿತ್ತು. ಒಬ್ಬೊಬ್ಬರೇ ನಿಂತರೆ ಅಧಿಕಾರಿ ಸುಲಿದಾನು ಎಂದು ತಿಳಿದೇ ಅವರು ಕೂಡಿ ನಿಂತಿದ್ದರು. ಬೆಟಗೇರಿಯ ನೇಕಾರ ಇಂದು ಸಂಘ ಕಟ್ಟಿದರೆ ಅದು ಪರದೇಶದ ವಿಚಾರ ಎನ್ನುವವರಿಗೆ ಈ ಕಲ್ಲುಗಳನ್ನು ತೋರಿಸಿರಿ. ಸಂಘ ಕಟ್ಟುವುದು ನಮ್ಮ ನಾಡಿನ ಬಹಳ ಹಳೆಯ ಆಚಾರ. ಯಾವ ಐತಿಹಾಸಿಕ ಕಾದಂಬರಿಯಲ್ಲಿ ಈ ಆಚಾರದ ವರ್ಣನೆ ಸತಿಸಹಗಮನದ ವರ್ಣನೆಯಷ್ಟು ಉದ್ದವಾಗಿದೆ?

ವೀರಗಲ್ಲಿನ ಹಿಂದೆ

ಸತಿಯ ಮಾತು ಬಂತು. ಊರ ಹೊರಗೆ ನಿಂತ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಎಲ್ಲರೂ ನೋಡಿದ್ದೀರಿ. ವೀರಗಲ್ಲಿನ ಬರಹದಲ್ಲಿ ಮೂರು ಶಬ್ದಗಳು ಮೇಲಿಂದ ಮೇಲೆ ಬರುತ್ತವೆ. ತುರುಗೊಳ್, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ಊರಳಿವು, ಊರನ್ನು ಹಾಳು ಮಾಡುವುದು. ಪೆಣ್ಬುಯ್ಯಲ್, ಹೆಂಗಸರನ್ನು ಹಿಡಿದಾಗ ಏಳುವ ಹುಯ್ಯಲು. ಒಂದು ಕಾಲದ ಜನ ಇವಕ್ಕೆ ಬೇರೆ ಬೇರೆ ಶಬ್ದ ಇಟ್ಟುಕೊಂಡಿದ್ದರೆಂದರೆ ಅವು ಎಷ್ಟು ಸಾರಿ ನಡೆದಿರಬೇಕೆಂದು ನೀವೇ ಊಹಿಸಿರಿ. ಸತ್ತವನಿಗೆ ಕಲ್ಲು ನಿಲ್ಲಿಸಿದರು. ಹೊತ್ತೊಯ್ದ ಹೆಂಗಸಿಗೆ ಯಾವ ಕಲ್ಲು? ಮರಳಿ ಬಂದವಳನ್ನು ಮನೆಯ ಒಳಗೆ ಕರೆದುಕೊಂಡರೋ ಇಲ್ಲವೋ?

ಇನ್ನೊಂದು ಶಬ್ದ ಅಪುತ್ರಿಕ. ಗಂಡುಮಗನಿಲ್ಲದೆ ಸತ್ತವನ ಸ್ವತ್ತು ಯಾರಿಗೆ ಹೋಗಬೇಕೆಂಬ ಕಟ್ಟಳೆ ಶಾಸನಗಳಲ್ಲಿ ಬರುತ್ತದೆ. ಹೆಂಡತಿ, ಹೆಣ್ಣುಮಕ್ಕಳು ಬದುಕಿದ್ದರೂ ಅರಸನ ಕೈ ಅದರ ಮೇಲೆ ಬೀಳುತ್ತಿತ್ತು. ಕೆಲವು ಕಡೆಗೆ ಹೆಂಡತಿ ಮಕ್ಕಳಿಗೆ ಸಲ್ಲಲಿ ಎಂದು ವಿನಾಯಿತಿ ಕೊಟ್ಟದ್ದೂ ಉಂಟು. ಅದನ್ನು ಕಲ್ಲಿನಲ್ಲಿ ಬರೆಯಬೇಕಾಗಿ ಬಂತೆಂಬುದೇ ವಸ್ತುಸ್ಥಿತಿ ಹೇಗಿತ್ತೆಂದು ಹೇಳುತ್ತದೆ. ಹಿಂದೂ ಹೆಣ್ಣುಮಗಳಿಗೆ ವಾರಸುದಾರಿಕೆ ಕೊಟ್ಟ ಕಾಯಿದೆ ೧೯೫೬ರಲ್ಲಿ ಬಂದಿತು, ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ದೇಶಕ್ಕೆಲ್ಲ ಸಿಕ್ಕದ್ದು ೨೦೦೫ರಲ್ಲಿ. ಹಿಂದಿನ ಕಾಲದ ಹೆಣ್ಣು ಎಂದರೆ ವೀಣೆ ಹಿಡಿದ ರಾಣಿ ಮಾತ್ರ ಎಂದು ಬರೆಯುವವರು ಈ ವಿಧವೆಯ ಮನೆ ಬಾಗಿಲಿಗೆ ಅಧಿಕಾರಿ ಬಂದು ನಿಂತ ದಿನವನ್ನು ಬರೆಯಲಿ.

ಚಿತ್ರದುರ್ಗದ ಒನಕೆ ಓಬವ್ವನನ್ನು ಎಲ್ಲರೂ ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಕಾವಲುಗಾರನ ಹೆಂಡತಿ, ಹೈದರನ ಸೈನಿಕರನ್ನು ಒನಕೆಯಿಂದ ಹೊಡೆದವಳು. ಆದರೆ ಆ ಒನಕೆ ಅವಳ ಕೈಗೆ ಬಂದದ್ದು ಯುದ್ಧಕ್ಕಾಗಿ ಅಲ್ಲ. ನಸುಕಿನಲ್ಲೆದ್ದು ಕುಟ್ಟಿ, ಬೀಸಿ, ನೀರು ಹೊತ್ತು ಸವೆದ ಕೈ ಅದು. ಆ ದಿನ ಶತ್ರು ಬಾರದೆ ಇದ್ದರೆ ಓಬವ್ವ ಎಂಬವಳು ಇದ್ದಳೆಂದೇ ನಮಗೆ ತಿಳಿಯುತ್ತಿರಲಿಲ್ಲ.

ಪಾಯೆಸನನ್ನು ಓದಿ ನ್ಯೂನಿಜನನ್ನು ಮುಚ್ಚಿಟ್ಟರು

ನಮ್ಮ ಜಿಲ್ಲೆಯ ಪೂರ್ವಕ್ಕೆ ಸ್ವಲ್ಪ ಹೋದರೆ ಹಂಪೆ. ವಿಜಯನಗರವೆಂದರೆ ಕಾದಂಬರಿಕಾರರ ತವರುಮನೆ. ಅವರಿಗೆ ಸಾಮಗ್ರಿ ಒದಗಿಸಿದವರು ಇಬ್ಬರು ಪೋರ್ತುಗೀಜರು. ೧೫೨೦ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ ಮಹಾನವಮಿಯ ವೈಭವವನ್ನು ಬರೆದಿಟ್ಟಿದ್ದಾನೆ. ಮೈಮೇಲಿನ ಬಂಗಾರದ ಭಾರಕ್ಕೆ ನಡೆಯಲಾರದ ಹೆಂಗಸರನ್ನು ಬೇರೆಯವರು ತೋಳು ಹಿಡಿದು ನಡೆಸುತ್ತಿದ್ದರೆಂದು ಅವನು ಹೇಳಿದ ಮಾತು ಎಷ್ಟೋ ಪುಸ್ತಕಗಳಲ್ಲಿ ಬಂದಿದೆ. ಅವನ ನಂತರ, ೧೫೩೫ರ ಸುಮಾರಿಗೆ, ಕುದುರೆ ವ್ಯಾಪಾರಿ ನ್ಯೂನಿಜ ಬರೆದನು. ಭೂಮಿಯೆಲ್ಲ ಅರಸನದು, ಅವನಿಂದ ನಾಯಕರು ಪಡೆಯುತ್ತಾರೆ, ನಾಯಕರಿಂದ ಒಕ್ಕಲಿಗರು ಪಡೆದು ಉತ್ಪನ್ನದ ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಕೊಡುತ್ತಾರೆ ಎಂದು ಹೇಳಿದನು. ಪರದೇಶಿಯ ಮಾತು, ಕೇಳಿ ಬರೆದದ್ದು, ಅತಿಶಯವಿರಬಹುದು. ಇರಲಿ, ಅರ್ಧಕ್ಕರ್ಧ ಕಳೆಯಿರಿ. ಉಳಿದದ್ದೇ ಸಾಲದೇ? ಪಾಯೆಸ ಕಂಡ ಬಂಗಾರ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನ್ಯೂನಿಜ ಉತ್ತರ ಕೊಟ್ಟಿದ್ದಾನೆ. ಒಬ್ಬನ ಪುಟ ತೆರೆದು ಇನ್ನೊಬ್ಬನ ಪುಟ ಮುಚ್ಚಿದರೆ ಅದಕ್ಕೆ ಇತಿಹಾಸವೆನ್ನುವುದಿಲ್ಲ, ಜಾಹೀರಾತು ಎನ್ನುತ್ತಾರೆ.

ಆ ಸಾಮ್ರಾಜ್ಯದಲ್ಲಿ ಮದುವೆಯಾದರೂ ಸುಂಕ ಕೊಡಬೇಕಾಗಿತ್ತು. ಕೃಷ್ಣದೇವರಾಯನ ಕಾಲದಲ್ಲಿ ಕೆಲವು ಕಡೆ ಅದನ್ನು ತೆಗೆದರು. ಕ್ಷೌರಿಕನೂ ತೆರಿಗೆ ಕೊಡಬೇಕು, ಬಿಟ್ಟಿ ದುಡಿಯಬೇಕು. ಇಲ್ಲಿ ಒಂದು ಸಂಗತಿ ಕೇಳಿರಿ. ಹದಿನಾರನೆಯ ಶತಮಾನದ ನಡುಭಾಗ, ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯ ಆಳುತ್ತಿದ್ದ ಕಾಲ. ಬಾದಾಮಿಯ ಕೊಂಡೋಜನೆಂಬ ಕ್ಷೌರಿಕ ರಾಮರಾಯನ ಮೆಚ್ಚುಗೆ ಗಳಿಸಿದ. ಏನು ಬೇಕು ಕೇಳು ಎಂಬ ಹೊತ್ತು ಬಂದಾಗ ಅವನು ತನಗೊಂದು ಊರು, ತನಗೊಂದು ಪಲ್ಲಕ್ಕಿ ಎನ್ನಲಿಲ್ಲ. ತನ್ನ ಕಸುಬಿನವರೆಲ್ಲರ ತೆರಿಗೆ, ಬಿಟ್ಟಿಗಳನ್ನು ಬಿಡಿಸಿದನು. ಆ ವಿನಾಯಿತಿಯನ್ನು ಸಾರುವ ಶಾಸನಗಳು ಕರ್ನಾಟಕದಲ್ಲಿ ಅನೇಕ ಕಡೆ ಇವೆ. ರಾಮರಾಯನ ತಲೆ ೧೫೬೫ರ ಯುದ್ಧದಲ್ಲಿ ಹೇಗೆ ಹಾರಿತೆಂಬುದನ್ನು ಓದಿದವರು ಸಾವಿರಾರು. ಆ ತಲೆಯನ್ನು ಬೋಳಿಸಿದವನು ತನ್ನ ಜನರಿಗಾಗಿ ಏನು ಗಳಿಸಿದನೆಂಬುದನ್ನು ಬಲ್ಲವರೆಷ್ಟು?

ಸಾಮಾನ್ಯರ ದಿನನಿತ್ಯದಲ್ಲಿ ಕಥೆ ಎಲ್ಲಿದೆ, ರೋಮಾಂಚನ ಎಲ್ಲಿದೆ ಎಂದು ಕೇಳುವವರಿಗೆ ಕೊಂಡೋಜನೇ ಉತ್ತರ. ಇನ್ನೂ ಬೇಕೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಿರಿ. ನೂಲುವ ಕದಿರ ರೆಮ್ಮವ್ವೆ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ದೋಣಿಯ ಅಂಬಿಗರ ಚೌಡಯ್ಯ. ಇವರು ತಮ್ಮ ಕಸುಬಿನ ಹೆಸರಿನಿಂದಲೇ ಬರೆದರು. ಅರಸರು ಕವಿಗಳಿಗೆ ಹಣ ಕೊಟ್ಟು ತಮ್ಮ ಕಥೆ ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಇವರು ತಮ್ಮ ಮಾತನ್ನು ತಾವೇ ಆಡಿದರು. ಸೂಳೆ ಸಂಕವ್ವೆಯ ಒಂದೇ ವಚನ ಉಳಿದಿದೆ. ಒಂದು ಉಳಿದದ್ದರಿಂದ ಎಷ್ಟು ಕಳೆದಿರಬೇಕೆಂದು ತಿಳಿಯುತ್ತದೆ.

ಊಟದ ತಾಟಿನಲ್ಲಿಯೂ ಸುಳ್ಳು

ವಸ್ತುನಿಷ್ಠವಾಗಿ ಬರೆಯುತ್ತೇವೆಂದು ಹೇಳುವವರಿಗೆ ಒಂದು ಸಣ್ಣ ಪರೀಕ್ಷೆ. ಕಲ್ಯಾಣದ ಬೀದಿಯಲ್ಲಿ ರೊಟ್ಟಿಯೊಂದಿಗೆ ಕೆಂಪು ಮೆಣಸಿನಕಾಯಿಯ ಚಟ್ನಿ ತಿನ್ನಿಸುವ ಲೇಖಕ ಸಿಕ್ಕರೆ ಅವನನ್ನು ಅಲ್ಲಿಯೇ ನಿಲ್ಲಿಸಿರಿ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಬಟಾಟೆ, ಟೊಮ್ಯಾಟೊ, ತಂಬಾಕು ಇವೆಲ್ಲ ಅಮೇರಿಕ ಖಂಡದ ಬೆಳೆಗಳು. ಪೋರ್ತುಗೀಜರು ೧೪೯೮ರಲ್ಲಿ ನಮ್ಮ ತೀರಕ್ಕೆ ಬಂದ ನಂತರವೇ ಇಲ್ಲಿಗೆ ಬಂದವು. ಬಸವಣ್ಣ ಮೆಣಸಿನಕಾಯಿ ಕಂಡವನಲ್ಲ, ಅತ್ತಿಮಬ್ಬೆ ಶೇಂಗಾ ಕಂಡವಳಲ್ಲ. ಅಡತಿಯಲ್ಲಿ ಇಂದು ಶೇಂಗಾದ ರಾಶಿ ಹಾಕುವ ನಮ್ಮ ವ್ಯಾಪಾರಿಗಳು ಈ ಮಾತನ್ನು ಮಕ್ಕಳಿಗೆ ಹೇಳಬೇಕು. ನಮ್ಮದು ಶುದ್ಧ, ಹೊರಗಿನದು ಮೈಲಿಗೆ ಎಂದು ಕಿರುಚುವವನ ತಾಟಿನಲ್ಲಿ ಹೊರಗಿನದೇ ಅರ್ಧ ಇದೆ.

ಅರಸನ ಊಟ ತಿಳಿಯಬೇಕೆಂದರೆ ಕಷ್ಟವಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರ ೧೧೩೦ರ ಸುಮಾರಿಗೆ ‘ಮಾನಸೋಲ್ಲಾಸ’ ಬರೆದು ತನ್ನ ಅಡುಗೆಮನೆಯ ಭಕ್ಷ್ಯಗಳನ್ನೆಲ್ಲ ವರ್ಣಿಸಿದ್ದಾನೆ. ಆ ಅಡುಗೆಮನೆಯಲ್ಲಿ ಪಾತ್ರೆ ತೊಳೆದವರು ಮನೆಗೆ ಹೋಗಿ ಏನು ಉಂಡರೆಂದು ಬರೆದ ಪುಸ್ತಕ ಇಲ್ಲ. ಅದನ್ನು ಬರೆಯುವುದೇ ಕಾದಂಬರಿಕಾರನ ಕೆಲಸ.

ಹೀಗೂ ಬರೆಯಬಹುದು

ಆಗದ ಕೆಲಸವನ್ನು ನಾವು ಕೇಳುತ್ತಿಲ್ಲ. ನಿರಂಜನರು ೧೯೫೫ರಲ್ಲಿ ‘ಚಿರಸ್ಮರಣೆ’ ಬರೆದರು. ಕಾಸರಗೋಡಿನ ಕಡೆಯ ಕಯ್ಯೂರಿನಲ್ಲಿ ಎದ್ದು ನಿಂತು ೧೯೪೩ರಲ್ಲಿ ಗಲ್ಲಿಗೇರಿದ ನಾಲ್ವರು ರೈತ ತರುಣರ ಕಥೆ ಅದು. ೧೯೭೬ರಲ್ಲಿ ‘ಮೃತ್ಯುಂಜಯ’ ಬರೆದು ಪ್ರಾಚೀನ ಈಜಿಪ್ಟಿನ ದುಡಿಯುವ ಜನರನ್ನೇ ನಾಯಕರನ್ನಾಗಿ ಮಾಡಿದರು. ಪಿರಮಿಡ್ಡಿನ ನೆರಳಿನಲ್ಲಿ ಮನುಷ್ಯರನ್ನು ಹುಡುಕಿದ ಕನ್ನಡಿಗನಿದ್ದಾನೆ. ತ್ರಿಕೂಟೇಶ್ವರನ ನೆರಳಿನಲ್ಲಿ ಹುಡುಕುವವನು ಬೇಡವೇ? ಅಕ್ಷರ ಬಾರದ ನಮ್ಮ ಲಾವಣಿಕಾರರು ಸಹ ಈ ಕೆಲಸ ಮಾಡಿದ್ದರು. ೧೮೫೭ರಲ್ಲಿ ಆಯುಧ ಒಪ್ಪಿಸಲಾರೆವೆಂದು ನಿಂತ ಹಲಗಲಿಯ ಬೇಡರನ್ನು ಅವರು ಹಾಡಿ ಉಳಿಸಿದರು.

ಗದಗಿನ ಒಂದು ಕಾದಂಬರಿಗೆ ಬೇಕಾದ ಸಾಮಗ್ರಿ ಇಲ್ಲಿಯೇ ಬಿದ್ದಿದೆ. ೧೮೪೦ರ ದಶಕದಲ್ಲಿ ಧಾರವಾಡ ಜಿಲ್ಲೆಯ ಎರೆಭೂಮಿಗೆ ಕಂಪನಿ ಸರಕಾರ ಅಮೇರಿಕದ ಹತ್ತಿ ಬೀಜ ತಂದಿತು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು, ಸಾಲ ಉಳಿಯಿತು. ೧೮೭೬ರಿಂದ ೭೮ರ ತನಕ ಮಹಾ ಬರ. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಚಿಲ್ಲರೆ ಕಾಸು ಎಂದು ಸರಕಾರ ಕೂಲಿ ಕಡಿತ ಮಾಡಿತು. ಆಗ, ೧೮೭೭ರಲ್ಲಿ, ಮುಂಬಯಿ ಪ್ರಾಂತದ ಕಾಮಗಾರಿಗಳಿಂದ ಹಸಿದ ಜನ ಕೆಲಸ ಬಿಟ್ಟು ಎದ್ದು ನಡೆದರು. ಹೊಟ್ಟೆಗಿಲ್ಲದವರು ಮಾಡಿದ ಮುಷ್ಕರ ಅದು! ಬರದ ಹೆಸರಿನಲ್ಲಿಯೇ ಯೋಜಿಸಿದ ರೇಲ್ವೆ ೧೮೮೪ರಲ್ಲಿ ಗದಗಿಗೆ ಬಂತು, ಅದರ ಹಿಂದೆ ಹತ್ತಿಯ ಗಿರಣಿಗಳು ಬಂದವು. ಸಾವಕಾರನ ಬಡ್ಡಿಗೆ ಬೇಸತ್ತ ಒಕ್ಕಲಿಗರು ೧೯೦೫ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಕಟ್ಟಿದರು, ದೇಶಕ್ಕೇ ಮೊದಲಿಗರಾದರು. ಒಂದು ಮನೆತನದ ನಾಲ್ಕು ತಲೆಮಾರನ್ನು ಈ ಅರವತ್ತು ವರ್ಷಗಳಲ್ಲಿ ನಡೆಸಿದರೆ ಯಾವ ಅರಮನೆಯ ಒಳಸಂಚು ಅದಕ್ಕೆ ಸಮ?

ಹಳೆಯ ಕಾಲದ ಸಣ್ಣ ವಿವರಗಳಿಂದ ಇಂದಿಗೆ ಏನು ಪ್ರಯೋಜನ ಎನ್ನುವವರಿಗೆ ಒಂದೇ ಶಬ್ದ ಹೇಳುತ್ತೇವೆ: ಕೊಳಗ. ಶಾಸನಗಳಲ್ಲಿ ಕಾಳು ಅಳೆಯುವ ಆ ಕೊಳಗವೇ ೧೯೫೧ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಜಗಳದ ಮೂಲವಾಯಿತು. ಗೇಣಿ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಹಿಡಿದರು. ಅಳತೆ ಸರಿ ಇರಲಿ ಎಂದು ಗೇಣಿದಾರರು ನಿಂತರು. ಶಾಂತವೇರಿ ಗೋಪಾಲಗೌಡರು ಅವರ ಜೊತೆಗೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಂದ ಹೊರಟ ಮಾತು ಉಳುವವನೇ ಹೊಲದೊಡೆಯ ಎಂಬ ಕಾನೂನಿನ ತನಕ ಬಂದು ಮುಟ್ಟಿತು. ಅಜ್ಜನ ಕಾಲದ ಕೊಳಗ ಎಷ್ಟಿತ್ತೆಂದು ನೆನಪಿಟ್ಟವನೇ ಮೊಮ್ಮಗನ ಕಾಲದಲ್ಲಿ, 'ಇದು ದೊಡ್ಡದಾಯಿತು' ಎನ್ನಬಲ್ಲ. ಮರೆತವನು ಅಳೆಸಿಕೊಂಡು ಸುಮ್ಮನಿರುತ್ತಾನೆ. ಇತಿಹಾಸದ ಉಪಯೋಗ ಇದು.

ಆದುದರಿಂದ ಸಂಗಾತಿಗಳೇ, ಕಾದಂಬರಿ ಓದುವುದನ್ನು ಬಿಡಬೇಡಿರಿ. ಓದುವಾಗ ಪೆನ್ಸಿಲು ಹಿಡಿದುಕೊಳ್ಳಿರಿ. ರಾಣಿಯ ಸೀರೆ ಬಂದಲ್ಲಿ, ನೇಯ್ದವನಿಗೆ ಏನು ಸಿಕ್ಕಿತು ಎಂದು ಅಂಚಿನಲ್ಲಿ ಬರೆಯಿರಿ. ಕೋಟೆ ಬಂದಲ್ಲಿ, ಕಲ್ಲು ಹೊತ್ತವರು ಯಾರು ಎಂದು ಬರೆಯಿರಿ. ದಾನ ಬಂದಲ್ಲಿ, ಯಾರ ಗಂಟು ಎಂದು ಬರೆಯಿರಿ. ಊರ ಬಾವಿ ಬಂದಲ್ಲಿ, ಯಾರನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ ಎಂದು ಬರೆಯಿರಿ. ಪುಸ್ತಕ ನಿಮ್ಮದೇ ಆಗಿದ್ದರೆ ಆ ಪ್ರಶ್ನೆಗಳ ಸಮೇತ ಲೇಖಕನಿಗೆ ಕಳಿಸಿರಿ, ವಾಚನಾಲಯದ್ದಾಗಿದ್ದರೆ ಕಾರ್ಡಿನಲ್ಲಿ ಬರೆದು ಹಾಕಿರಿ. ಓದುಗ ಕೇಳದೆ ಲೇಖಕ ಕೊಡುವುದಿಲ್ಲ. ಇದು ಅಂಗಡಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ರವಿವಾರ ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿರಿ. ಗುಡಿ ತೋರಿಸಿ, ಇದನ್ನು ಅತ್ತಿಮಬ್ಬೆ ಕಟ್ಟಿಸಿದಳು ಎಂದು ಹೇಳಿರಿ. ಆಮೇಲೆ ಉಳಿಯ ಗುರುತಿನ ಮೇಲೆ ಅವರ ಬೆರಳು ಇಡಿಸಿ, ಇದನ್ನು ನಮ್ಮಂಥವರು ಕಟ್ಟಿದರು ಎಂದು ಹೇಳಿರಿ. ಎರಡೂ ಮಾತು ಸತ್ಯ. ಮೊದಲನೆಯದನ್ನು ಹೇಳಲು ಬಹಳ ಜನರಿದ್ದಾರೆ, ಎರಡನೆಯದನ್ನು ನಾವೇ ಹೇಳಬೇಕು.